ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳು 43 ಬೈಟಿನಲ್ಲಿ: ನನ್ನ ಅನುಭವ

ಕೆಲಸ ಇಷ್ಟೇ. 2ರಿಂದ 97ರವರೆಗಿನ 25 ಅವಿಭಾಜ್ಯ ಸಂಖ್ಯೆಗಳು ಸಾಲಿಗೊಂದರಂತೆ ಬರಬೇಕು, ಬೇರೆ ಏನೂ ಬರಬಾರದು. ಪೈಥಾನ್ 3, ಲೆಕ್ಕ ಬೈಟಿನಲ್ಲಿ. ಕೊನೆಗೆ ಎರರ್ ಕೊಟ್ಟು ಸಾಯುವ ಪ್ರೋಗ್ರಾಂ ನಡೆಯಲ್ಲ. ನಮ್ಮ ಆಫೀಸಿನ ಗಾಲ್ಫ್ ಗ್ಯಾಂಗಿನಲ್ಲಿ (ಗಾಲ್ಫ್ ಅಂದರೆ ಪ್ರೋಗ್ರಾಂ ಅನ್ನು ಆದಷ್ಟು ಕಡಿಮೆ ಬೈಟಿನಲ್ಲಿ ಬರೆಯುವ ಆಟ) ಇದಕ್ಕೆ 44 ಬೈಟೇ ಕೊನೆ, ಅದರ ಕೆಳಗೆ ಯಾರೂ ಇಳಿಯಲ್ಲ ಅಂತ ತೀರ್ಮಾನ ಆಗಿಹೋಗಿತ್ತು. ಈಗ ನನ್ನದು 43. ನೀವೇ ಓಡಿಸಿ ನೋಡಬಹುದು.

ಮುಂದೆ ಬರೆಯುವಾಗ ಎಣಿಸುವ ಸಂಖ್ಯೆಗೆ ಕ, ಗುಣಲಬ್ಧಕ್ಕೆ ಗ ಅಂತ ಇಟ್ಟುಕೊಳ್ಳುತ್ತೇನೆ. ಬೈಟ್ ಲೆಕ್ಕ ಮಾತ್ರ ಒಂದೊಂದೇ ಇಂಗ್ಲಿಷ್ ಅಕ್ಷರದ ಹೆಸರಿಟ್ಟು ಮಾಡಿದ್ದು.

ಎಲ್ಲರೂ ಶುರು ಮಾಡುವ ಕಡೆಯಿಂದಲೇ ನಾನೂ ಶುರು ಮಾಡಿದೆ. ಫಾರ್ ಒಳಗೆ ಆಲ್, ಅದರೊಳಗೆ ಇನ್ನೊಂದು ರೇಂಜ್. 61 ಬೈಟ್. ಎರಡು ಸಲ ರೇಂಜ್ ಬರೆಯೋದರಲ್ಲೇ ಮೂರರಲ್ಲೊಂದು ಪಾಲು ಜಾಗ ಹೋಗುತ್ತದೆ. ಒಂದೇ ಅಂಕೆಯನ್ನು ಸಾಲಾಗಿ ಬರೆದು ರೆಜೆಕ್ಸ್‌ನಿಂದ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಹಿಡಿಯುವ ಹಳೆಯ ಪರ್ಲ್ ಆಟವನ್ನೂ ನೋಡಿದೆ. ಪೈಥಾನಿನಲ್ಲಿ ಇಂಪೋರ್ಟ್ ಸಾಲಿಗೇ 10 ಬೈಟ್ ತೆರಬೇಕು. ಅಲ್ಲಿಗೆ ಬಿಟ್ಟೆ.

ಒಳಗಿನ ಲೂಪ್ ಕಿತ್ತುಹಾಕಲು ವಿಲ್ಸನ್ ಪ್ರಮೇಯವೇ ಗತಿ. ಗಾಲ್ಫ್ ಆಡುವವರಿಗೆ ಇದು ಗೊತ್ತಿರುವ ವಿಷಯ. ಕ ಬರುವ ಹೊತ್ತಿಗೆ ಅದರ ಹಿಂದಿನ ಸಂಖ್ಯೆಗಳೆಲ್ಲದರ ಗುಣಲಬ್ಧದ ವರ್ಗ ಗ ಒಳಗಿರುತ್ತದೆ. ಗ%ಕ (ಗ ಅನ್ನು ಕ ಇಂದ ಭಾಗಿಸಿದಾಗ ಉಳಿಯುವ ಶೇಷ) ಅಂದರೆ ಅವಿಭಾಜ್ಯಕ್ಕೆ 1, ಉಳಿದದ್ದಕ್ಕೆಲ್ಲ 0. ಮೊದಲಿಗೆ ಕ=ಗ=1, ಕೊನೆಗೆ ಗ*=ಕ*ಕ, ಆಮೇಲೆ ಕ+=1. ಲೂಪ್ ಒಂದೇ.

ನಮ್ಮ ಟೀಮಿನಲ್ಲಿ ಒಬ್ಬರು ಸಿ ಭಾಷೆಯ ಹಿರಿಯರಿದ್ದಾರೆ. ಅವರಿಗೆ ಇದು ಸುತರಾಂ ಒಪ್ಪಿಗೆ ಆಗಲಿಲ್ಲ. 'ಫ್ಯಾಕ್ಟೋರಿಯಲ್ ಇಟ್ಟುಕೊಂಡು ಪ್ರೈಮ್ ಹುಡುಕ್ತೀರಾ? ಇಪ್ಪತ್ತೂ ದಾಟಲ್ಲ ರೀ' ಅಂದರು. 'ಸರ್, ಸಿ ಒಳಗೆ ಓಡಿಸಬೇಡಿ' ಅಂದೆ. ಓಡಿಸಿಯೇ ಬಿಟ್ಟರು. 64 ಬಿಟ್ ಅನ್‌ಸೈನ್ಡ್‌ನಲ್ಲಿ (64 ಬಿಟ್ ಮೀರಿದ ಭಾಗ ಅಲ್ಲಿ ಉದುರಿಹೋಗುತ್ತದೆ) 13ರವರೆಗೆ ಸರಿ ಬಂತು. ಆಮೇಲೆ 14 ಕೂಡ ಅವಿಭಾಜ್ಯ ಅಂತ ಅಚ್ಚಾಯಿತು! 35ರಿಂದ ಮುಂದೆ ಒಂದೂ ಇಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಗುಣಲಬ್ಧದಲ್ಲಿ 64 ಎರಡುಗಳು ಸೇರಿ ಅದು ಪೂರ್ತಿ ಸೊನ್ನೆಯಾಗಿರುತ್ತದೆ. ಪೈಥಾನಿನಲ್ಲಿ ಈ ತಾಪತ್ರಯ ಇಲ್ಲ. 97 ಮುಟ್ಟುವಾಗ ಗ ಸುಮಾರು 300 ಅಂಕೆಯ ಸಂಖ್ಯೆ. ಪೈಥಾನಿಗೆ ಅದು ಲೆಕ್ಕಕ್ಕೇ ಇಲ್ಲ.

ಇಫ್ ಹಾಕಿ ಬರೆದಾಗ 47. ವೈಲ್ ಸಾಲಿನಲ್ಲೇ ಇಫ್ ಕೂರಲ್ಲವಲ್ಲ, ಹೊಸ ಸಾಲು ಮತ್ತು ಅದರ ಮುಂದಿನ ಖಾಲಿ ಜಾಗಕ್ಕೆ ದಂಡ. ಇಫ್ ಬದಲು ಆಂಡ್ ಹಾಕಿದರೆ 45. ನಮ್ಮಲ್ಲಿ ಮೊದಲ ಪಂಥ ಬಿದ್ದದ್ದು ಇಲ್ಲಿ. 'ಇದರ ಕೆಳಗೆ ಇಳಿದ್ರೆ ಐನೂರು ಕೊಡ್ತೀನಿ ಗುರು' ಅಂದ ಪಕ್ಕದ ಸೀಟಿನವನು. ಸ್ಟ್ರಿಂಗನ್ನೇ ಕೋಡಾಗಿ ಓಡಿಸುವ ಎಕ್ಸೆಕ್ ಒಳಗೆ ಸ್ಟ್ರಿಂಗ್ ಇಟ್ಟು 99ರಿಂದ ಗುಣಿಸಿ ನೋಡಿದೆ, ಅದೂ 45ರ ಕೆಳಗೆ ಇಳಿಯಲಿಲ್ಲ. ಕೊನೆಗೆ ಕೈಹಿಡಿದದ್ದು ಹೋಲಿಕೆಯ ಸರಪಳಿ: 0<ಗ%ಕ==ಪ್ರಿಂಟ್(ಕ). ಮೊದಲ ಹೋಲಿಕೆ ಸುಳ್ಳಾದರೆ ಪೈಥಾನ್ ಪ್ರಿಂಟ್ ಕಡೆಗೆ ಹೋಗೋದೇ ಇಲ್ಲ. ನಿಜವಾದರೆ ಪ್ರಿಂಟ್ ಆಗುತ್ತದೆ, ಆಮೇಲಿನ ಹೋಲಿಕೆ ಏನಾದರೂ ಆಗಲಿ. 44. ಐನೂರು ಬಂತು, ಅದರಲ್ಲಿ ಮುನ್ನೂರು ಅವತ್ತೇ ದೋಸೆ ಕಾಫಿಗೆ ಹೋಯ್ತು.

ಇಲ್ಲಿಂದ ಮುಂದೆ ಯಾರೂ ಇಳಿಯಲಿಲ್ಲ. ನನ್ನ ಕಣ್ಣು ಮಾತ್ರ ಆ ವರ್ಗದ ಮೇಲೇ ಇತ್ತು. ಗ*=ಕ*ಕ ಬದಲು ಬರೀ ಗ*=ಕ ಅಂದರೆ ಎರಡು ಬೈಟ್ ಉಳಿಯುತ್ತದೆ. ಹಾಗೆ ಮಾಡಿದರೆ ಕೆಡುವುದು ಒಂದೇ ಸಂಖ್ಯೆ: 4. ಮೂರರ ಫ್ಯಾಕ್ಟೋರಿಯಲ್ (1*2*3) 6, ಅದನ್ನು 4ರಿಂದ ಭಾಗಿಸಿದರೆ ಶೇಷ 2, ಸೊನ್ನೆಯಲ್ಲ. ಬೇರೆ ಯಾವ ಸಂಖ್ಯೆಯದೂ ತಕರಾರಿಲ್ಲ. ಒಂದು 4ರ ಮುಖ ನೋಡಿ ಎರಡು ಬೈಟ್ ತೆರೋದು ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಗ ಶುರುವಿನ ಬೆಲೆ ಬದಲಿಸಿ ನೋಡಿದೆ. ಬೆಸ ಸಂಖ್ಯೆಯಿಂದ ಶುರು ಮಾಡಿದರೆ 4 ನುಸುಳುತ್ತದೆ. ಸಮ ಸಂಖ್ಯೆ ಇಟ್ಟರೆ 4 ಹೋಗುತ್ತದೆ, ಜೊತೆಗೆ 2 ಕೂಡ ಹೋಗುತ್ತದೆ. ನಡುವೆ ದಾರಿಯೇ ಇಲ್ಲ. ಗ ಅನ್ನು -1ರಿಂದ ಶುರು ಮಾಡಿ, ಶೇಷ 1 ಬಂದರೆ ಮಾತ್ರ ಅಚ್ಚು ಮಾಡು ಅಂದೆ. ಉತ್ತರ ಪಕ್ಕಾ ಸರಿ, 4 ಇಲ್ಲ, 1 ಇಲ್ಲ. ಆದರೆ ಶುರುವಿನ ಸಾಲು ಉದ್ದವಾಗಿ ಒಟ್ಟು 46. ಸರಿಯಾದ ಉತ್ತರ, ತಪ್ಪು ಉದ್ದ. ಗಾಲ್ಫಿನಲ್ಲಿ ಇದಕ್ಕಿಂತ ಬೇಜಾರಿನ ವಿಷಯ ಇಲ್ಲ.

ಆಮೇಲೆ ಹಟ ಹಿಡಿದು ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. 15 ಚಿಹ್ನೆಗಳು, 8 ಸ್ಥಾನ, ಒಟ್ಟು ಸುಮಾರು 256 ಕೋಟಿ ಸಾಧ್ಯತೆ. ಗ=1ರಿಂದ ಶುರುವಾಗಿ ಗ*=ಕ ಇರುವ ಲೂಪಿನ ಉಳಿದ ಭಾಗ ಹಾಗೇ ಇಟ್ಟು, ಪರೀಕ್ಷೆ ಮಾಡುವ ಆ ತುಣುಕನ್ನು ಮಾತ್ರ ಬದಲಿಸುತ್ತಾ ಹೋಗು ಅಂದೆ. ಒಂದು ವಾರಾಂತ್ಯ ಓಡಿತು. ಬಿಲ್ ₹1,400ರ ಆಸುಪಾಸು. 44ಕ್ಕಿಂತ ಚಿಕ್ಕದು ಒಂದೂ ಸಿಗಲಿಲ್ಲ. ಮನೆಯಲ್ಲಿ ಆ ದುಡ್ಡಿಗೆ ಏನೇನು ಬರುತ್ತಿತ್ತು ಅಂತ ಪಟ್ಟಿ ಬಂತು. ಆಫೀಸಿನಲ್ಲಿ 'ಮೆಷಿನ್ನೇ ಕೈ ಎತ್ತಿದೆ, ಇನ್ನೇನು' ಅನ್ನೋ ಮಾತು.

ಆದರೆ ಕಸಕ್ಕೆ ಹಾಕಿದ್ದರ ಲಾಗ್ ಇಟ್ಟುಕೊಂಡಿದ್ದೆ. ಒಂದೇ ಸಂಖ್ಯೆ ಹೆಚ್ಚು ಕಡಿಮೆ ಆಗಿ ಸೋತವನ್ನು ಬೇರೆ ಮಾಡಿ ನೋಡಿದರೆ ಅಲ್ಲಿ ಕೂತಿತ್ತು: ~ಗ%ಕ. ~ಗ ಅಂದರೆ ಪೈಥಾನಿನಲ್ಲಿ -(ಗ+1); ಶೇಷ ಸೊನ್ನೆ ಬಂದರೆ ಅವಿಭಾಜ್ಯ. ನೂರರವರೆಗೆ ಎಲ್ಲ ಸರಿ, 4 ಕೂಡ ಹೊರಗೆ. 1 ಮಾತ್ರ ನುಸುಳಿ ಬಂದಿದ್ದರಿಂದ ಅದು ಫೇಲ್.

ಇದು ವಿಲ್ಸನ್ ಪ್ರಮೇಯದ ಮೂಲ ರೂಪವೇ. 1770ರಲ್ಲಿ ವೇರಿಂಗ್ ಪ್ರಕಟಿಸಿದ್ದು, 1771ರಲ್ಲಿ ಲಗ್ರಾಂಜ್ ಸಾಧಿಸಿದ್ದು: ಹಿಂದಿನ ಸಂಖ್ಯೆಗಳ ಗುಣಲಬ್ಧಕ್ಕೆ 1 ಕೂಡಿಸಿದರೆ ಅವಿಭಾಜ್ಯ ಸಂಖ್ಯೆ ಅದನ್ನು ಸರಿಯಾಗಿ ಭಾಗಿಸುತ್ತದೆ. ಆ 1 ಕೂಡಿಸಲು ಎಲ್ಲರೂ -~ಗ ಬರೆಯುತ್ತೇವೆ, ಕೈಗೆ ಅದೇ ಅಭ್ಯಾಸ. ಇಲ್ಲಿ ಮೈನಸ್ ಬೇಕಾಗೇ ಇಲ್ಲ. ಶೇಷ ಸೊನ್ನೆಯೋ ಅಲ್ಲವೋ ಅಷ್ಟೇ ಪ್ರಶ್ನೆ, ಚಿಹ್ನೆ ಯಾವುದಾದರೇನು?

ಉಳಿದದ್ದು 1ರ ಕಾಟ. ಅದಕ್ಕೆ ಒಂದು ಬೈಟೂ ಕೊಡಲಿಲ್ಲ. ಪರೀಕ್ಷೆಯನ್ನು ಲೂಪಿನ ತಲೆಯಿಂದ ಬಾಲಕ್ಕೆ ತಂದೆ. ಮೊದಲು ಗ*=ಕ, ಆಮೇಲೆ ಕ+=1, ಕೊನೆಗೆ ~ಗ%ಕ, ಆರ್, ಪ್ರಿಂಟ್ (ಆರ್‌ನ ಎಡಗಡೆ ಸೊನ್ನೆ ಬಂದರೆ ಮಾತ್ರ ಪೈಥಾನ್ ಬಲಗಡೆಗೆ ಹೋಗುತ್ತದೆ). ಮೊದಲ ಸಲ ಪರೀಕ್ಷೆಗೆ ಬರುವಾಗಲೇ ಕ 2 ಆಗಿರುತ್ತದೆ. ವೈಲ್ ಶರತ್ತು ಕ<97, ಒಳಗೆ ಒಂದು ಕೂಡುವುದರಿಂದ 97 ಕೂಡ ಸಿಗುತ್ತದೆ. ಎಣಿಸಿದೆ: 43. ಸರ್ವರ್‌ಗೆ ಇದು ಯಾಕೆ ಸಿಗಲಿಲ್ಲ ಅಂದರೆ ಸಾಲಿನ ಕ್ರಮ ಬದಲಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿರಲಿಲ್ಲ.

ಸಿ ಹಿರಿಯರು ಕಾಗದದ ಮೇಲೆ 4, 6, 9 ಹಾಕಿ ನೋಡಿದರು. ಏನೂ ಹೇಳಲಿಲ್ಲ, ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟರು. ಒಟ್ಟು ಲೆಕ್ಕದಲ್ಲಿ ನನಗೆ ನಾನ್ನೂರು ನಷ್ಟ, ದೋಸೆ ಬಿಟ್ಟು.

ಸುಮ್ನೆ ಕುತೂಹಲಕ್ಕೆ ಎರಡು ಪ್ರಯೋಗ ಮಾಡಿದೆ. ಮೊದಲನೆಯದು, ಹೆಸರುಗಳನ್ನು ನಿಜವಾಗಿಯೂ ಕ, ಗ ಅಂತ ಇಟ್ಟು ಓಡಿಸಿದೆ. ಪೈಥಾನ್ 3 ತಕರಾರಿಲ್ಲದೆ ಒಪ್ಪಿಕೊಂಡಿತು. ಆದರೆ ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರಕ್ಕೆ 3 ಬೈಟ್, ಹೆಸರುಗಳು ಬರೋದು ಒಂಬತ್ತು ಕಡೆ. 43 ಹೋಗಿ 61 ಆಯಿತು, ನಾನು ಶುರು ಮಾಡಿದ ಅಂಕಿಯೇ! ಅಕ್ಷರ ಲೆಕ್ಕದ ಪಂದ್ಯವಾದರೆ ಎರಡೂ ಒಂದೇ.

ಇನ್ನೊಂದು, ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿದೆ. ಗ ಸುಮಾರು ನಾಲ್ಕೂವರೆ ಲಕ್ಷ ಅಂಕೆಗೆ ಬೆಳೆಯಿತು. ಅದನ್ನು ಅಚ್ಚು ಮಾಡಿ ನೋಡೋಣ ಅಂದರೆ ಹೊಸ ಪೈಥಾನ್ ಬಿಡಲ್ಲ, 4,300 ಅಂಕೆ ದಾಟಿದರೆ ಎರರ್. ವೇಗ ಬೇಕಿದ್ದವರು ಎರಟೋಸ್ತನೀಸನ ಜರಡಿಯನ್ನೇ (ಪ್ರತಿ ಅವಿಭಾಜ್ಯದ ಅಪವರ್ತ್ಯಗಳನ್ನು ಹೊಡೆದುಹಾಕುತ್ತಾ ಹೋಗುವ ಹಳೆಯ ವಿಧಾನ) ಬರೆಯಿರಿ. ಇದು ವೇಗದ ಆಟ ಅಲ್ಲ. ಇನ್ನು ಜೆಲ್ಲಿಯಂಥ ಗಾಲ್ಫ್ ಭಾಷೆಯಲ್ಲಿ ಇದೇ ಕೆಲಸ ನಾಲ್ಕೈದು ಬೈಟಿಗೆ ಮುಗಿಯುತ್ತೆ ಅಂತ ಹೇಳಬೇಡಿ. ಅಲ್ಲಿ ಅವಿಭಾಜ್ಯಗಳ ಪಟ್ಟಿ ಭಾಷೆಯೊಳಗೇ ಇದೆ, ಅದರಲ್ಲಿ ಮಜಾ ಎಲ್ಲಿದೆ?

ಈಗ ಹಿಡಿದಿರುವುದು ಜೋಡಿ ಅವಿಭಾಜ್ಯಗಳು: 3-5, 5-7, 11-13, ಹೀಗೆ ನೂರರೊಳಗೆ 8 ಜೋಡಿ. 1949ರಲ್ಲಿ ಕ್ಲೆಮೆಂಟ್ ಕೊಟ್ಟ ನಿಯಮ ಇದೆ. ಗುಣಲಬ್ಧಕ್ಕೆ 1 ಕೂಡಿಸಿ, 4ರಿಂದ ಗುಣಿಸಿ, ಕ ಸೇರಿಸಿ. ಅದನ್ನು ಕ*(ಕ+2) ಸರಿಯಾಗಿ ಭಾಗಿಸಿದರೆ ಕ ಮತ್ತು ಕ+2 ಎರಡೂ ಅವಿಭಾಜ್ಯ. ಮೇಲಿನ ಚೌಕಟ್ಟಿಗೇ ಇದು ಕೂರುತ್ತದೆ, ಪ್ರತಿ ಜೋಡಿಯ ಮೊದಲನೆಯದನ್ನು ಅಚ್ಚು ಮಾಡುವ ನನ್ನ ಸಾಲು 56 ಬೈಟ್. ಇಲ್ಲೂ 1 ನುಸುಳಲು ನೋಡುತ್ತದೆ, ಇಲ್ಲೂ ~ ಕೆಲಸಕ್ಕೆ ಬರುತ್ತದೆ. ಪೂರ್ತಿ ಸಾಲು ಈಗ ಬರೆಯಲ್ಲ. ಪಕ್ಕದ ಸೀಟಿನವನು 57ಕ್ಕೆ ಬಂದು ನಿಂತಿದ್ದಾನೆ, ಈ ಸಲ ಪಂಥ ಸಾವಿರದ್ದು.