ಅಕರೋವಾ ಕೊಲ್ಲಿ ನೋಡುವುದಾದರೆ ಗ್ರೀನ್ಸ್ ಪಾಯಿಂಟ್‌ನಿಂದ ಶುರು ಮಾಡಿ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ನಮ್ಮ ಮನೆಗೆ ಊರಿಂದ ಯಾರೇ ಬಂದರೂ ಅಕರೋವಾಗೆ ಕರೆದುಕೊಂಡು ಹೋಗುತ್ತೇನೆ. ಸುಮಾರು 80 ಕಿ.ಮೀ., ಒಂದೂವರೆ ಗಂಟೆ ದಾರಿ. ಕೊನೆಯಲ್ಲಿ ಆಗುಂಬೆ ಘಾಟಿಯ ಥರ ಬರೀ ತಿರುವು. ವಾಂತಿಯ ತೊಂದರೆ ಇದ್ದವರು ಹೊಟ್ಟೆ ತುಂಬ ತಿಂದು ಹೊರಡಬೇಡಿ.

ಹಿಲ್‌ಟಾಪ್‌ನಲ್ಲಿ ಕಾರು ನಿಲ್ಲಿಸಿ ಇಳಿಯಿರಿ. ಕೆಳಗೆ ಕಾಣುವ ನೀಲಿ ನೀರು ಹಳೇ ಜ್ವಾಲಾಮುಖಿಯ ಹೊಟ್ಟೆ. ಗೋಡೆ ಸವೆದು ಒಡೆದ ಕಡೆಯಿಂದ ಸಮುದ್ರ ಒಳಗೆ ಬಂದಿದೆ. ಸುತ್ತಲಿನ ಗುಡ್ಡಗಳು ಬೋಳಾಗಿವೆ, ಅಲ್ವಾ? ಮೊದಲು ಅಲ್ಲೆಲ್ಲ ದಟ್ಟ ಕಾಡಿತ್ತು. ವಲಸೆ ಬಂದವರು ಮರ ಕಡಿದು ಹುಲ್ಲು ಬಿತ್ತಿದರು.

ಊರಿಗೆ ಇಳಿದವರೆಲ್ಲ ರೂ ಲವೋ ಬೀದಿಯ ಫ್ರೆಂಚ್ ಬೋರ್ಡ್‌ಗಳ ಮುಂದೆ ಫೋಟೋಗೆ ನಿಲ್ಲುತ್ತಾರೆ. ಅದು ಆಮೇಲೆ ಇರಲಿ. ಮೊದಲು ದಡದ ಬೀಚ್ ರೋಡ್ ಹಿಡಿದು ದಕ್ಷಿಣಕ್ಕೆ ನಡೆಯಿರಿ. 1880ರ ಬಿಳಿ ಲೈಟ್‌ಹೌಸ್ ದಾಟಿ ಮುಂದೆ ಹೋದರೆ ಗ್ರೀನ್ಸ್ ಪಾಯಿಂಟ್.

ತಿಮಿಂಗಿಲ ಹಿಡಿಯುವ ಹಡಗಿನ ಫ್ರೆಂಚ್ ಕಪ್ತಾನ ಲಾಂಗ್ಲ್ವಾ 1838ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಿಂದ ಜಮೀನು ಕೊಂಡೆನೆಂದು ಫ್ರಾನ್ಸಿಗೆ ಹೋಗಿ ಜನರನ್ನು ಹೊರಡಿಸಿದ. 1840ರ ಆಗಸ್ಟ್‌ನಲ್ಲಿ ಸುಮಾರು 60 ಜನ ಬಂದಿಳಿದರು. ಅಷ್ಟರಲ್ಲಿ ಬ್ರಿಟಿಷರ ಬ್ರಿಟೊಮಾರ್ಟ್ ಹಡಗು ಬಂದು ಈ ನೆಲ ತಮ್ಮದೆಂದು ಗ್ರೀನ್ಸ್ ಪಾಯಿಂಟ್‌ನಲ್ಲಿ ಬಾವುಟ ಹಾರಿಸಿಯಾಗಿತ್ತು. ಅದರ ನೆನಪಿಗೆ ಒಂದು ಕಲ್ಲುಕಂಬವಿದೆ.

ಕಂಬ ನೋಡಿ ಸುಮ್ನೆ ವಾಪಸ್ ಬರಬೇಡಿ. ಪಕ್ಕದ ಪುಟ್ಟ ಕೊಲ್ಲಿ ಟಾಕಾಪುನೆಕೆ. 1830ರಲ್ಲಿ ಬೇರೆ ಬುಡಕಟ್ಟಿನ ಮಾವೊರಿ ಮುಖಂಡ ಟೆ ರೌಪರಹನ ಯೋಧರು ಎಲಿಜಬೆತ್ ಎಂಬ ಬ್ರಿಟಿಷ್ ಹಡಗಿನೊಳಗೆ ಅಡಗಿ ಬಂದು ಇಲ್ಲಿದ್ದ ಊರನ್ನೇ ನಾಶ ಮಾಡಿದರು. ಆ ಹಡಗಿನ ಕಪ್ತಾನನಿಗೆ ಸಿಗಬೇಕಿದ್ದ ಬಾಡಿಗೆ ನಾರಿನ ಸರಕು. ಇಂಥ ಜಾಗದಲ್ಲಿ ಊಟ ಬಿಚ್ಚುವುದು ಮಾವೊರಿ ಪದ್ಧತಿಗೆ ಸಲ್ಲದು. ನಾನು ಈ ಕಥೆ ಹೇಳುವಾಗ ಅಮ್ಮನ ತೊಡೆ ಮೇಲೆ ಚಿತ್ರಾನ್ನದ ಡಬ್ಬಿ ಇತ್ತು, ಮುಚ್ಚಳ ಅರ್ಧ ತೆರೆದಿತ್ತು. ಅವರು ಮಾತಾಡದೆ ಮುಚ್ಚಿ ಚೀಲದೊಳಗೆ ಇಟ್ಟರು. ಬುತ್ತಿಯನ್ನು ಲೈಟ್‌ಹೌಸ್ ಹತ್ತಿರವೇ ಮುಗಿಸಿಬಿಡಿ.

ಕಾರಿದ್ದರೆ ಇನ್ನೊಂದಿಷ್ಟು ದೂರ ಓನುಕುಗೆ ಹೋಗಿ. ಫ್ರೆಂಚರು ಇಳಿಯುವ ಮೊದಲೇ, 1840ರ ಮೇ 30ರಂದು, ಇಲ್ಲಿ ಇಬ್ಬರು ಮಾವೊರಿ ಮುಖಂಡರು ಬ್ರಿಟಿಷರ ಜೊತೆಗಿನ ವೈಟಾಂಗಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆ ಒಪ್ಪಂದ ಮುರಿದದ್ದಕ್ಕೆ ಸರ್ಕಾರ ಕ್ಷಮೆ ಕೇಳಿದ್ದೂ ಇಲ್ಲೇ, 1998ರಲ್ಲಿ. ದಡದ ಪುಟ್ಟ ಚರ್ಚ್ ನೋಡಿ. ಮಾವೊರಿಗಳು ಸಭೆ ಸೇರುವ ಮರಾಯ್ ಅಂಗಳಕ್ಕೆ ಮಾತ್ರ ಕರೆಯದೆ ಹೋಗಬೇಡಿ.

ಈಗ ಊರಿಗೆ ಬನ್ನಿ. ಮ್ಯೂಸಿಯಂನಲ್ಲಿ ಲಾಂಗ್ಲ್ವಾ-ಎತವನೊ ಅನ್ನುವ ಹಳೇ ಮರದ ಮನೆ ಇದೆ. ಕೋಣೆಗಳು ಎಷ್ಟು ಚಿಕ್ಕವು ನೋಡಿ. ನನಗಂತೂ ಬೀದಿ ಬೋರ್ಡ್‌ಗಳಿಗಿಂತ ಈ ಮನೆಯೇ ಜಾಸ್ತಿ ಇಷ್ಟ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಮೇಲಿನ ಗುಡ್ಡದ ಹಳೇ ಫ್ರೆಂಚ್ ಸ್ಮಶಾನಕ್ಕೆ ಹತ್ತಿ. ಮಳೆ ಬಂದಿದ್ದರೆ ಹಿಡಿತ ಇರುವ ಶೂ ಹಾಕಿಕೊಳ್ಳಿ, ಹಾದಿ ಜಾರುತ್ತದೆ.