ಸೆಕೆಯ ಸಮುದ್ರ, ಚಳಿಯ ಹಡಗು: ಅತ್ತೆಯ ಜೊತೆ ಕ್ರೂಸಿಗೆ ಹೋದ ನನ್ನ ಅನುಭವ

ಕ್ರೂಸಿಗೆ ಹೊರಟಿದ್ದೇವೆ, ಏನೆಲ್ಲ ಕಟ್ಟಿಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಶಾಲು, ಸಾಕ್ಸ್. ಕೇಳಿದವರಿಗೆ ಆಶ್ಚರ್ಯ. ಹೋಗುವುದು ಸಿಂಗಾಪುರ, ಪೆನಾಂಗ್, ಫುಕೆಟ್ ಕಡೆಗೆ. ಎಲ್ಲವೂ ನಮ್ಮ ಮಂಗಳೂರಿನ ಹಾಗೆ ಬೆವರು ಸುರಿಯುವ ಊರುಗಳೇ. ಅಲ್ಲಿಗೆ ಶಾಲು ಯಾಕೆ? ಆದರೆ ಕ್ರೂಸಿನಲ್ಲಿ ನಾವು ಹೆಚ್ಚು ಹೊತ್ತು ಇರುವುದು ಆ ಊರುಗಳಲ್ಲಿ ಅಲ್ಲ, ಹಡಗಿನ ಒಳಗೆ. ಒಳಗೆ ಎಲ್ಲ ಕಡೆ ಎಸಿ. ಕ್ಯಾಬಿನ್, ಊಟದ ಹಾಲ್, ಥಿಯೇಟರ್, ಕಾರಿಡಾರ್, ಯಾವುದನ್ನೂ ಬಿಟ್ಟಿಲ್ಲ.

ನಮ್ಮ ಮನೆ ಸುರತ್ಕಲ್ ಹತ್ತಿರ. ಎಪ್ರಿಲ್, ಮೇ ತಿಂಗಳ ರಾತ್ರಿ ಬಿಟ್ಟರೆ ಎಸಿ ಹಾಕುವ ರೂಢಿಯಿಲ್ಲ. ಅತ್ತೆಗೆ ಎಪ್ಪತ್ತು ದಾಟಿದೆ, ಸ್ವಲ್ಪ ಉಬ್ಬಸವೂ ಇದೆ. ಫ್ಯಾನಿನ ಗಾಳಿಯೇ ನೇರ ತಲೆಗೆ ಬಿದ್ದರೆ ಅವರಿಗೆ ಆಗುವುದಿಲ್ಲ. ಅವರನ್ನೂ ಕರೆದುಕೊಂಡು ಹೋಗುವುದು ಅಂತ ನಿಶ್ಚಯವಾದ ಮೇಲೆ ನನ್ನ ತಲೆಯಲ್ಲಿ ಕೂತದ್ದು ಈ ಎಸಿ ವಿಷಯ ಒಂದೇ. ಟಿಕೆಟ್, ವೀಸಾ ಎಲ್ಲ ಯಜಮಾನರು ನೋಡಿಕೊಂಡರು.

ನನ್ನ ಅಣ್ಣ ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನು. ಹಡಗಿನೊಳಗೆ ಅಷ್ಟು ಚಳಿ ಯಾಕೆ ಅಂತ ಅವನಿಗೆ ಫೋನ್ ಮಾಡಿ ಕೇಳಿದೆ. "ಎಸಿಗೆ ಅಲ್ಲಿ ಎರಡು ಕೆಲಸ ಇದೆ, ಗಾಳಿಯನ್ನು ತಂಪು ಮಾಡುವುದು, ಅದರ ಪಸೆ ತೆಗೆಯುವುದು" ಅಂದ. ಸಮುದ್ರದ ಮೇಲಿನ ಗಾಳಿಯಲ್ಲಿ ನೀರಿನ ಅಂಶ ತುಂಬಾ ಇರುತ್ತದೆ. ಅದನ್ನು ಹಾಗೇ ಒಳಗೆ ಬಿಟ್ಟರೆ ಕಾರ್ಪೆಟ್ಟು, ಹಾಸಿಗೆ, ಗೋಡೆ ಎಲ್ಲ ಬೂಸ್ಟು ಹಿಡಿಯುತ್ತವೆ. ನೀರನ್ನು ತೆಗೆಯಬೇಕಾದರೆ ಗಾಳಿಯನ್ನು ಚೆನ್ನಾಗಿ ತಣ್ಣಗೆ ಮಾಡಲೇಬೇಕು, ಆಗಲೇ ಅದು ಹನಿಯಾಗಿ ಇಳಿಯುವುದು. ಆ ತಣ್ಣನೆಯ, ಒಣ ಗಾಳಿಯೇ ಕೊಳವೆಗಳಲ್ಲಿ ಕ್ಯಾಬಿನ್‌ಗಳಿಗೆ ಬರುತ್ತದೆ. ನಾವು ಗೋಡೆಯ ಗುಂಡಿ ತಿರುಗಿಸಿ ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಲು ಹೆಚ್ಚಿನ ಹಡಗುಗಳಲ್ಲಿ ಆಗುವುದಿಲ್ಲ. ಉಸಿರಾಡಲು ಹೊಸ ಗಾಳಿ ಬರಲೇಬೇಕಲ್ವಾ?

ಇದು ಗೊತ್ತಾದ ಮೇಲೆ ನನಗೆ ದಾರಿ ಸ್ಪಷ್ಟವಾಯಿತು. ಗುಂಡಿಯ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಗಾಳಿ ಎಲ್ಲಿ ಬೀಳುತ್ತದೆ ಅಂತ ನೋಡಿ ಅಲ್ಲಿಂದ ಸರಿಯಬೇಕು. ಮೈ ಒದ್ದೆ ಇರುವಾಗ ಆ ಗಾಳಿಗೆ ಹೋಗಬಾರದು. ಮೂಗು, ಗಂಟಲು ಒಣಗದಂತೆ ನೋಡಿಕೊಳ್ಳಬೇಕು. ಇಷ್ಟೇ ಕೆಲಸ.

ಸಿಂಗಾಪುರದ ವಿಮಾನ ನಮಗೆ ಬೆಂಗಳೂರಿನಿಂದ ಇತ್ತು. ಬೆಂಗಳೂರಿಗೆ ರಾತ್ರಿಯ ಎಸಿ ಬಸ್ಸನ್ನೇ ಬುಕ್ ಮಾಡಿಸಿದೆ, ಬೇಕೆಂದೇ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟುವ ಹೊತ್ತಿಗೆ ಆ ಬಸ್ಸಿನ ಚಳಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಡಗಿಗೆಂದು ಇಟ್ಟುಕೊಂಡ ಬಟ್ಟೆಯನ್ನೇ ಅತ್ತೆಗೆ ಬಸ್ಸಿನಲ್ಲಿ ಹಾಕಿಸಿದೆ. ಸೀರೆಯ ಒಳಗೆ ತೆಳ್ಳನೆಯ ಕಾಟನ್ ಲೆಗ್ಗಿಂಗ್ಸ್, ಉದ್ದ ತೋಳಿನ ರವಿಕೆ, ಮೇಲೆ ಉಣ್ಣೆಯ ಶಾಲು, ಕಿವಿ ಮುಚ್ಚುವ ಹಾಗೆ ಒಂದು ಸ್ಕಾರ್ಫ್. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಅವರು ಹೇಳಿದ್ದು, "ಮೇಲೆಲ್ಲ ಸರಿ ಇತ್ತು, ಪಾದ ಮಾತ್ರ ಮರಗಟ್ಟಿತು ಮಾರಾಯ್ತಿ." ಅಲ್ಲೇ ದಪ್ಪ ಸಾಕ್ಸ್ ಎರಡು ಜೊತೆ ತಗೊಂಡೆವು. ದಪ್ಪ ಸ್ವೆಟರ್ ಒಂದಕ್ಕಿಂತ ತೆಳ್ಳನೆಯ ಪದರ ಎರಡು ಮೂರು ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹಡಗಿನ ತೆರೆದ ಡೆಕ್ಕಿಗೆ ಹೋಗುವಾಗ ಒಂದೊಂದೇ ತೆಗೆಯಬಹುದು, ಬ್ಯಾಗಿನಲ್ಲೂ ಜಾಗ ಉಳಿಯುತ್ತದೆ.

ಹಡಗಿನ ಕ್ಯಾಬಿನ್‌ನಲ್ಲಿ ಥರ್ಮೋಸ್ಟಾಟ್ ಇತ್ತು. ಅಂಕೆ ಇಲ್ಲ, ನೀಲಿಯಿಂದ ಕೆಂಪಿನ ತನಕ ಒಂದು ಗೆರೆ ಅಷ್ಟೆ. ಕೆಂಪಿನ ಕೊನೆಗೆ ತಿರುಗಿಸಿಟ್ಟೆವು. ಒಳಗೆ ಎಷ್ಟು ಡಿಗ್ರಿ ಅಂತ ನನಗೆ ತಿಳಿಸಿದ್ದು ಅತ್ತೆಯ ತೆಂಗಿನೆಣ್ಣೆ ಬಾಟ್ಲಿ. ತೆಂಗಿನೆಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಯ ಕೆಳಗೆ. ನಮ್ಮ ಮನೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ಬೆಳಿಗ್ಗೆ ಬಿಟ್ಟರೆ ಅದು ಗಟ್ಟಿಯಾದದ್ದನ್ನು ನೋಡಲು ಸಿಗುವುದಿಲ್ಲ. ಹಡಗಿನಲ್ಲಿ ಮೊದಲ ಬೆಳಿಗ್ಗೆಯೇ ಮೇಜಿನ ಮೇಲಿದ್ದ ಬಾಟ್ಲಿಯ ಅಡಿಯಲ್ಲಿ ಬಿಳಿ ಪದರ, ಮೇಲೆ ಮಾತ್ರ ತಿಳಿ ಎಣ್ಣೆ. ಅತ್ತೆ ಬಾಟ್ಲಿ ಓರೆ ಮಾಡಿ ನೋಡಿದರು. ಬಿಳಿ ಭಾಗ ಅಲುಗಲಿಲ್ಲ.

ನನಗೆ ಅದನ್ನು ನೋಡಿ ಒಂದು ಉಪಾಯ ಹೊಳೆಯಿತು. ಎಣ್ಣೆಯನ್ನು ಬಾಲ್ಕನಿಯ ಬಿಸಿಲಿಗೆ ಇಟ್ಟು ಕರಗಿಸಿ, ಖಾಲಿಯಾಗಿದ್ದ ಚಿಕ್ಕ ಶ್ಯಾಂಪೂ ಬಾಟ್ಲಿಗಳನ್ನು ತೊಳೆದು ಒರೆಸಿ ಅದಕ್ಕೆ ಸ್ವಲ್ಪ ಸ್ವಲ್ಪ ಹಾಕಿದೆ. ಒಂದನ್ನು ಮಂಚದ ತಲೆಯ ಕಡೆ, ಒಂದನ್ನು ಸೋಫಾದ ಹತ್ತಿರ, ಒಂದನ್ನು ಬಾತ್‌ರೂಮಿನ ಶೆಲ್ಫಿನಲ್ಲಿ ಇಟ್ಟು ಮಲಗಿದೆ. ಬೆಳಿಗ್ಗೆ ಮಂಚದ ತಲೆಯ ಕಡೆಯದ್ದು ಕಲ್ಲಿನಂತೆ ಗಟ್ಟಿ. ಸೋಫಾದ ಹತ್ತಿರದ್ದು ಮಂದವಾಗಿತ್ತು, ಅಲುಗಾಡುತ್ತಿತ್ತು. ಬಾತ್‌ರೂಮಿನದ್ದು ನೀರಿನ ಹಾಗೆ. ಅಂದರೆ ಗಾಳಿ ಎಸಿಯ ಜಾಲರಿಯಿಂದ ಇಳಿದು ನೇರ ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಆ ಬಾಟ್ಲಿ ನೋಡಿದ ಮೇಲೆ ಯಜಮಾನರೂ ವಾದ ಮಾಡಲಿಲ್ಲ.

ಸೋಫಾವನ್ನು ಹಾಸಿಗೆ ಮಾಡಿ ಅತ್ತೆಗೆ ಕೊಡಬೇಕು, ಹೇಗೆ ಅಂತ ಕ್ಯಾಬಿನ್ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಅವನು ನಮ್ಮ ಕಾಪುವಿನವನು. ಮಂಗಳೂರು, ಉಡುಪಿ ಕಡೆಯ ಮಕ್ಕಳು ಇಂಥ ಹಡಗುಗಳಲ್ಲಿ ಕೆಲಸಕ್ಕೆ ತುಂಬಾ ಇದ್ದಾರೆ, ನಮ್ಮ ಭಾಷೆ ಕಿವಿಗೆ ಬಿದ್ದಾಗ ಆಗುವ ಸಮಾಧಾನ ದೊಡ್ಡದು. "ಅಮ್ಮ, ನೀವು ಹೆದರಬೇಡಿ, ನಾನು ಸರಿ ಮಾಡಿ ಕೊಡ್ತೇನೆ" ಅಂದ. ಸೋಫಾ ಬಿಡಿಸಿ, ತಲೆದಿಂಬನ್ನು ಬಾಲ್ಕನಿ ಕಡೆಗೆ ತಿರುಗಿಸಿ ಹಾಸಿದ. ಇನ್ನೊಂದು ದಪ್ಪ ಬ್ಲಾಂಕೆಟ್ ತಂದ. ಜಾಲರಿಯಲ್ಲಿ ಗಾಳಿಯ ದಿಕ್ಕು ತಿರುಗಿಸುವ ಪಟ್ಟಿಗಳಿದ್ದವು, ಅದನ್ನು ಸೀಲಿಂಗ್ ಕಡೆಗೆ ತಿರುಗಿಸಿದ. ಜಾಲರಿಗೆ ಟೇಪ್ ಅಂಟಿಸಿ ಮುಚ್ಚಬೇಡಿ ಅಂತಲೂ ಹೇಳಿದ. ಮುಚ್ಚಿದರೆ ಅಲ್ಲಿ ನೀರು ಕಟ್ಟಿ ಹಾಸಿಗೆಗೆ ತೊಟ್ಟಿಕ್ಕುತ್ತದೆ ಅಂತೆ.

ಬಾಲ್ಕನಿ ಬಾಗಿಲು ತೆರೆದಿಟ್ಟು ಮಲಗೋಣ ಅನ್ನುವುದು ಎಲ್ಲರಿಗೂ ಬರುವ ಯೋಚನೆ. ಹಲವು ಹಡಗುಗಳಲ್ಲಿ ಆ ಬಾಗಿಲಿಗೆ ಸೆನ್ಸರ್ ಇರುತ್ತದೆ, ತೆರೆದರೆ ಕ್ಯಾಬಿನ್ನಿನ ಎಸಿ ನಿಲ್ಲುತ್ತದೆ. ಕೇಳಲು ಒಳ್ಳೆಯದೇ. ಆದರೆ ಹೊರಗಿನ ಪಸೆ ಗಾಳಿ ನುಗ್ಗಿ ತಣ್ಣಗಿದ್ದ ಕನ್ನಡಿ, ಗೋಡೆಯ ಮೇಲೆಲ್ಲ ನೀರು ಕೂರುತ್ತದೆ. ನೆಲ ಜಾರುತ್ತದೆ. ವಯಸ್ಸಾದವರು ಇರುವ ಕ್ಯಾಬಿನ್‌ನಲ್ಲಿ ಅದು ಬೇಡವೇ ಬೇಡ. ಬೆಚ್ಚಗೆ ಆಗಬೇಕು ಅನಿಸಿದಾಗ ನಾವು ಬಾಲ್ಕನಿಗೇ ಹೋಗಿ, ಬಾಗಿಲು ಎಳೆದು, ಕುರ್ಚಿಯಲ್ಲಿ ಕೂತುಬಿಡುತ್ತಿದ್ದೆವು.

ಇನ್ನು ಬೆವರು. ನನ್ನ ಪ್ರಕಾರ ಕ್ರೂಸಿನಲ್ಲಿ ಶೀತ ಆಯಿತು, ಮೈಕೈ ನೋವಾಯಿತು ಅನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಪೆನಾಂಗಿನಲ್ಲಿ ಇಳಿದು ಜಾರ್ಜ್‌ಟೌನ್ ಸುತ್ತಿ, ಲಿಟಲ್ ಇಂಡಿಯಾದಲ್ಲಿ ಇಡ್ಲಿ ತಿಂದು ಮಧ್ಯಾಹ್ನ ವಾಪಸು ಬರುವಾಗ ರವಿಕೆ, ಅಂಗಿ ಎಲ್ಲ ಮೈಗೆ ಅಂಟಿರುತ್ತದೆ. ಹಾಗೇ ಒಳಗೆ ಹೋದರೆ ಒಣ ಗಾಳಿ ಆ ಬೆವರನ್ನು ಬೇಗ ಬೇಗ ಆರಿಸುತ್ತದೆ. ಬೆವರು ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಕಾಟನ್ ಬಟ್ಟೆ ನೀರು ಹಿಡಿದಿಟ್ಟುಕೊಳ್ಳುವುದರಿಂದ ಈ ನಡುಕ ತುಂಬಾ ಹೊತ್ತು ಇರುತ್ತದೆ. ನಾನು ತಿರುಗಾಟದ ಬ್ಯಾಗಿನಲ್ಲಿ ಪ್ರತಿಯೊಬ್ಬರಿಗೂ ಮೈ ಒರೆಸಲು ಒಂದು ಬೈರಾಸು, ಒಂದು ಒಣ ಬಟ್ಟೆ ಇಟ್ಟುಕೊಳ್ಳುತ್ತಿದ್ದೆ. ಹಡಗು ಹತ್ತಿದ ಮೇಲೆ ಸೀದಾ ಊಟದ ಹಾಲಿಗೆ ಹೋಗುವುದಿಲ್ಲ. ಮೊದಲು ಸುತ್ತಲಿನ ತೆರೆದ ಡೆಕ್ಕಿನ ನೆರಳಿನಲ್ಲಿ ಕೂರುವುದು, ಬೆನ್ನು, ಕತ್ತು ಒರೆಸಿಕೊಳ್ಳುವುದು, ನೀರು ಕುಡಿಯುವುದು. ಬೆವರು ನಿಂತ ಮೇಲೆ ಕ್ಯಾಬಿನ್, ಬಟ್ಟೆ ಬದಲು, ಆಮೇಲೆ ಊಟ. ಈಜುಕೊಳದಿಂದ ಬಂದಾಗಲೂ ಅದೇ ಕ್ರಮ. ಒದ್ದೆ ತಲೆಯಲ್ಲಿ ಲಿಫ್ಟ್ ಹತ್ತುವುದಕ್ಕೆ ಮಗಳಿಗೂ ಬಿಡಲಿಲ್ಲ.

ನಮ್ಮ ಊರಿನ ತೆಳ್ಳನೆಯ ಬೈರಾಸು ಹಡಗಿನ ದಪ್ಪ ಟವೆಲಿಗಿಂತ ಎಷ್ಟೋ ಮೇಲು. ಕ್ಯಾಬಿನ್ನಿನ ಒಣ ಗಾಳಿಯಲ್ಲಿ ರಾತ್ರಿ ಒಗೆದು ಹಾಕಿದ್ದು ಬೆಳಿಗ್ಗೆ ಗರಿಗರಿ. ಮಳೆಗಾಲದ ಮಂಗಳೂರಿನಲ್ಲಿ ವಾರ ಕಳೆದರೂ ಒಣಗದ ಬಟ್ಟೆ ನೋಡಿದವಳು ನಾನು, ಅಲ್ಲಿನ ಗಾಳಿ ಎಷ್ಟು ಒಣ ಅಂತ ಅದರಿಂದಲೇ ತಿಳಿಯಿತು. ಹಾಗಾಗಿ ಮಲಗುವಾಗ ಇನ್ನೊಂದು ಬೈರಾಸನ್ನು ಒದ್ದೆ ಮಾಡಿ, ಹಿಂಡಿ, ಬಾತ್‌ರೂಮಿನ ಹಗ್ಗಕ್ಕೆ ಹಾಕಿ ಬಾಗಿಲು ತೆರೆದಿಡುತ್ತಿದ್ದೆ. ಗಂಟಲಿಗೆ ಸ್ವಲ್ಪ ಹಿತ. ತುಟಿಗೆ, ಹಿಮ್ಮಡಿಗೆ ತೆಂಗಿನೆಣ್ಣೆ. ಮೂಗಿಗೆ ಮಾತ್ರ ಎಣ್ಣೆ ಬಿಡಲಿಲ್ಲ, ಅದು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ತೊಂದರೆ. ಮೆಡಿಕಲ್ಲಿನಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಸಾಕು. ಅತ್ತೆಯ ಇನ್‌ಹೇಲರ್, ಮಾತ್ರೆ ಎಲ್ಲ ಹೊರಡುವ ಮೊದಲೇ ಡಾಕ್ಟರಲ್ಲಿ ಕೇಳಿ ಚೀಟಿ ಸಮೇತ ಇಟ್ಟುಕೊಂಡಿದ್ದೆವು. ತಣ್ಣಗಿನ ಒಣ ಗಾಳಿ ಉಬ್ಬಸ ಕೆರಳಿಸುತ್ತದೆ, ಅದರಲ್ಲಿ ಉದಾಸೀನ ಬೇಡ.

ಕೆಟಲ್, ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ಸಾಮಾನು ಹಡಗಿಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಬೆಂಕಿಯ ಭಯ. ರಬ್ಬರಿನ ಬಿಸಿನೀರಿನ ಚೀಲಕ್ಕೆ ಆ ಕಾಟ ಇಲ್ಲ. ಬಫೆಯಲ್ಲಿ ಚಹಾಕ್ಕೆ ಇಡುವ ಬಿಸಿನೀರನ್ನು ಫ್ಲಾಸ್ಕಿಗೆ ತುಂಬಿಸಿ ತಂದು, ಅರ್ಧ ಚೀಲಕ್ಕೆ, ಅರ್ಧ ಕಷಾಯಕ್ಕೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಮಾಡಿದ ಕಷಾಯದ ಪುಡಿ ಮನೆಯಿಂದಲೇ ಒಯ್ದಿದ್ದೆ. ಇಂಥ ಪುಡಿಗೆ ಬಿಡುತ್ತಾರಾ ಅಂತ ಕ್ರೂಸಿನವರಲ್ಲಿ ಮೊದಲೇ ಕೇಳಿಕೊಳ್ಳಿ. ಮತ್ತೆ, ಸಿಂಗಾಪುರದ ಮೂಲಕ ಹೋಗುವವರು ಗಸಗಸೆ ಬೆರೆತ ಯಾವ ಪುಡಿಯನ್ನೂ ಇಟ್ಟುಕೊಳ್ಳಬೇಡಿ, ಅಲ್ಲಿ ಅದಕ್ಕೆ ನಿಷೇಧ ಇದೆ.

ಥಿಯೇಟರಿನಲ್ಲಿ ಶೋ ಶುರುವಾಗುವ ತುಂಬಾ ಮೊದಲೇ ಹೋಗಿ ಮುಂದಿನ ಸೀಟು ಹಿಡಿಯುವವರು ಜಾಸ್ತಿ. ಚಳಿ ತಡೆಯಲಾಗದವರಿಗೆ ಅದು ಸಲ್ಲ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಜನ ತುಂಬಿದಾಗ ಆ ಶಾಖ ಎಷ್ಟಾಗುತ್ತದೋ ಅದಕ್ಕೆ ತಕ್ಕಂತೆ ಅಲ್ಲಿ ಎಸಿ ಇರುತ್ತದೆ. ಖಾಲಿ ಇರುವಾಗ ಅದೇ ಎಸಿ ನಡುಗಿಸುತ್ತದೆ. ತಣ್ಣನೆ ಗಾಳಿ ಭಾರ, ಕೆಳಗಿನ ಸಾಲುಗಳಲ್ಲಿ ಬಂದು ನಿಲ್ಲುತ್ತದೆ. ನಾವು ಜನ ತುಂಬಿದ ಮೇಲೆ ಹೋಗಿ ಮೇಲಿನ ಸಾಲಿನಲ್ಲಿ ಕೂರುತ್ತಿದ್ದೆವು. ಅತ್ತೆ ಎಲ್ಲ ಶೋಗಳನ್ನೂ ಕೊನೆಯ ತನಕ ನೋಡಿದರು.

ಕನ್ನಡಕ, ಕ್ಯಾಮೆರಾದ ವಿಷಯವೂ ಇದೇ. ತಣ್ಣಗಿನ ಕ್ಯಾಬಿನ್‌ನಿಂದ ಡೆಕ್ಕಿಗೆ ಕಾಲಿಟ್ಟ ತಕ್ಷಣ ಗಾಜಿನ ಮೇಲೆ ಮಂಜು. ಕನ್ನಡಕ ಒರೆಸಿಕೊಳ್ಳಬಹುದು, ಆದರೆ ಮೆಟ್ಟಿಲು ಇಳಿಯುವ ಮೊದಲು ಅತ್ತೆಯನ್ನು ಅಲ್ಲೇ ನಿಲ್ಲಿಸುತ್ತಿದ್ದೆ. ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗೆ ಅರ್ಧ ಗಂಟೆ ಇಟ್ಟು ಬೆಚ್ಚಗಾದ ಮೇಲೆ ತೆಗೆದರೆ ಲೆನ್ಸಿನ ಒಳಗೆ ಪಸೆ ಕೂರುವುದಿಲ್ಲ.

ನಮ್ಮ ದೇಶದಲ್ಲಿ 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನುವ ನಿಯಮ ಇದೆ. ನಮ್ಮ ಕರಾವಳಿಯ ಮೈಗೆ ಅದು ಸಾಕು. ಹಡಗಿನ ಊಟದ ಹಾಲೂ ಅಷ್ಟೇ ಇದ್ದಿದ್ದರೆ ಎಷ್ಟು ಜನ ಹಿರಿಯರು ನೆಮ್ಮದಿಯಾಗಿ ಕೂತು ಉಣ್ಣುತ್ತಿದ್ದರು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಬಫೆಗೆ ಹೊರಗೆ ಡೆಕ್ಕಿನಲ್ಲೂ ಮೇಜುಗಳಿದ್ದವು. ಬೆಳಗಿನ ತಿಂಡಿ, ರಾತ್ರಿಯ ಕಷಾಯ ಎರಡೂ ಅಲ್ಲೇ ನಡೆಯಿತು.

ಇನ್ನೊಂದು ವಿಷಯ, ಶಾಲು ಯಾವ ಬ್ಯಾಗಿನಲ್ಲಿ ಇಡುತ್ತೀರಿ ಅನ್ನುವುದು. ಹಡಗು ಹತ್ತುವ ದಿನ ದೊಡ್ಡ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರುವಾಗ ಸಂಜೆಯೂ ಆಗಬಹುದು. ಇಳಿಯುವ ಹಿಂದಿನ ರಾತ್ರಿಯಂತೂ ಸೂಟ್‌ಕೇಸನ್ನು ಬಾಗಿಲ ಹೊರಗೆ ಇಡಿ ಅನ್ನುತ್ತಾರೆ. ಮಾರನೆಯ ದಿನ ನಮ್ಮ ಸರದಿ ಬರುವ ತನಕ ಎಸಿ ಲೌಂಜಿನಲ್ಲೇ ಕಾಯಬೇಕು, ಸೂಟ್‌ಕೇಸ್ ಕೈಗೆ ಸಿಗುವುದು ಕೆಳಗೆ ಟರ್ಮಿನಲ್‌ನಲ್ಲಿ. ಆದ್ದರಿಂದ ಶಾಲು, ಸ್ಕಾರ್ಫ್, ಸಾಕ್ಸ್, ಇನ್‌ಹೇಲರ್ ನಾಲ್ಕನ್ನೂ ಎರಡೂ ದಿನ ಕೈಚೀಲದಲ್ಲೇ ಇಟ್ಟುಕೊಳ್ಳಿ.