ಸಾಕ್ಷಿ ಹೇಳಲು ಕೋರ್ಟಿಗೆ ಹೋದ ಕೇಂದ್ರ ನೌಕರರು ಟಿಎ ಬಿಲ್ ಹಾಕುವ ಕ್ರಮ

ಅಂಚೆ, ಆದಾಯ ತೆರಿಗೆ, ಕಸ್ಟಮ್ಸ್‌ನಂಥ ಕೇಂದ್ರ ಇಲಾಖೆಗಳ ನೌಕರರಿಗೆ ಕ್ರಿಮಿನಲ್ ಕೋರ್ಟಿನ ಸಮನ್ಸ್ ಬಂದರೆ ಖರ್ಚಿನ ಪ್ರಶ್ನೆ ಪೂರಕ ನಿಯಮ 154ರಲ್ಲಿ (ಎಸ್.ಆರ್. 154) ತೀರ್ಮಾನವಾಗುತ್ತದೆ. ರಾಜ್ಯ ಸರ್ಕಾರದ ನೌಕರರಿಗೆ ಕರ್ನಾಟಕ ಸರ್ಕಾರಿ ಸೇವಾ ನಿಯಮಗಳು ಬೇರೆ ಇವೆ, ದರಗಳೂ ಬೇರೆ. ಇಲ್ಲಿನ ಅಂಕಿಗಳನ್ನು ಅವರು ತಮ್ಮ ಬಿಲ್ಲಿಗೆ ಇಳಿಸಿಕೊಳ್ಳಬಾರದು.

ಮೊದಲು ನೋಡಬೇಕಾದ್ದು, ನೀವು ಹೇಳಲಿರುವ ಸಂಗತಿ ಸರ್ಕಾರಿ ಕೆಲಸ ಮಾಡುವಾಗ ನಿಮಗೆ ತಿಳಿದದ್ದೇ ಎಂಬುದನ್ನು. ಹೌದಾದರೆ ಪ್ರವಾಸದ ಮೇಲೆ ಹೋದವರಿಗೆ ಸಿಗುವ ಟಿಎ (ಪ್ರಯಾಣ ಭತ್ಯೆ) ಪೂರ್ತಿ ಸಿಗುತ್ತದೆ. ದಾರಿಯಲ್ಲಿ ಕಂಡ ಅಪಘಾತಕ್ಕೋ ಪಕ್ಕದ ಮನೆಯ ಜಗಳಕ್ಕೋ ಸಾಕ್ಷಿಯಾದರೆ ಅದು 155ನೇ ನಿಯಮಕ್ಕೆ ಸೇರಿದ್ದು: ಕೋರ್ಟು ತನ್ನ ನಿಯಮದಂತೆ ಕೊಟ್ಟಷ್ಟೇ ಸಿಗುತ್ತದೆ. ಅದರಲ್ಲೂ ಪ್ರಯಾಣದ ಖರ್ಚು ಬಿಟ್ಟು ಊಟದ ಭತ್ಯೆ, ಪರಿಹಾರ ಎಂದು ಬಂದದ್ದನ್ನು ಸರ್ಕಾರಕ್ಕೆ ಜಮಾ ಮಾಡಿದ ಮೇಲೆಯೇ ಆ ದಿನದ ಪೂರ್ಣ ಸಂಬಳ. ಲಂಚದ ಟ್ರ್ಯಾಪ್‌ಗೆ ಪಂಚರಾಗಿ (ಸ್ಥಳದ ಸಾಕ್ಷಿಗಳಾಗಿ) ಹೋಗಿದ್ದವರು, ಅದು ಸರ್ಕಾರಿ ಕೆಲಸವೆಂದು ತೋರಿಸಲು, ಅಂದು ಕಚೇರಿ ಕೊಟ್ಟ ನಿಯೋಜನೆ ಪತ್ರದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಕಚೇರಿಯ ಕಡತ ಎಲ್ಲಿರುತ್ತದೋ ಹೇಳಲಾಗದು.

ಸರ್ಕಾರಿ ನೌಕರರ ಸಮನ್ಸ್ ಸಾಮಾನ್ಯವಾಗಿ ಕಚೇರಿ ಮುಖ್ಯಸ್ಥರ ಮೂಲಕ ಬರುತ್ತದೆ. ನೇರವಾಗಿ ಕೈಗೆ ಬಂದರೆ ಪ್ರತಿ ಲಗತ್ತಿಸಿ ಅರ್ಜಿ ಕೊಡಿ. ಹೊರಡುವ ಮೊದಲೇ ಪ್ರವಾಸದ ಆದೇಶವೂ ಮುಂಗಡವೂ ಕೈಸೇರಲಿ. ಸರ್ಕಾರಿ ನೌಕರರ ಸಾಕ್ಷ್ಯವನ್ನು ವೀಡಿಯೊ ಮೂಲಕ ಪಡೆಯಲು ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ದೂರದ ಕೋರ್ಟಾದರೆ ಸರ್ಕಾರಿ ಅಭಿಯೋಜಕರನ್ನು ಮೊದಲೇ ಒಂದು ಮಾತು ಕೇಳುವುದು ಒಳ್ಳೆಯದು. ಪ್ರಯಾಣವೇ ತಪ್ಪೀತು.

ಕೋರ್ಟಿನಲ್ಲಿ ಮರೆಯಬಾರದ ಕಾಗದ ಹಾಜರಾತಿ ಪ್ರಮಾಣಪತ್ರ. ಅದಿಲ್ಲದ ಬಿಲ್ಲು ಟಪಾಲಿನಲ್ಲೇ ವಾಪಸು ಬರುತ್ತದೆ. ಕೇಸಿನ ಸಂಖ್ಯೆ, ನಿಮ್ಮ ಹೆಸರು ಮತ್ತು ಹುದ್ದೆ, ಹಾಜರಿದ್ದ ದಿನಾಂಕ, ಕೋರ್ಟಿನ ಮೊಹರು ಇರಲೇಬೇಕು. ಜೊತೆಗೆ ಕೋರ್ಟಿನಿಂದ ಹಣ ಕೊಟ್ಟಿಲ್ಲ, ಅಥವಾ ಇಷ್ಟು ಕೊಟ್ಟಿದೆ ಎಂಬ ಒಂದು ಸಾಲು ಬರೆಸಿಕೊಳ್ಳಿ. ನ್ಯಾಯಾಧೀಶರು ರಜೆಯಲ್ಲಿದ್ದು ಕೇಸು ಮುಂದಕ್ಕೆ ಹೋದರೂ ನೀವು ಹಾಜರಿದ್ದದ್ದು ಹಾಜರಿಯೇ. ಬೆಂಚ್ ಕ್ಲರ್ಕ್ ಹತ್ತಿರ ಅದನ್ನೂ ಬರೆಸಿ. ಪಾಟಿಸವಾಲು ಮರುದಿನಕ್ಕೆ ಉಳಿದು ಊರಲ್ಲೇ ತಂಗಬೇಕಾಗಿ ಬಂದರೆ, ಮರುದಿನವೂ ಹಾಜರಾಗಲು ಕೋರ್ಟು ಸೂಚಿಸಿದೆ ಎಂಬುದು ಪತ್ರದಲ್ಲಿ ಇರಲಿ. ಇಲ್ಲದಿದ್ದರೆ ಆ ರಾತ್ರಿಯ ಹೋಟೆಲ್ ಖರ್ಚಿಗೆ ಲೆಕ್ಕಪತ್ರ ವಿಭಾಗ ಆಕ್ಷೇಪ ಎತ್ತುತ್ತದೆ.

ಬಾಟಾ, ಅಂದರೆ ಕೋರ್ಟು ಸಾಕ್ಷಿಗೆ ಕೊಡುವ ಖರ್ಚಿನ ಹಣದ ವಿಷಯದಲ್ಲಿ ಎಡವುವವರೇ ಹೆಚ್ಚು. ಕಚೇರಿಯಿಂದ ಟಿಎ ಪಡೆಯುವವರು ಕೋರ್ಟಿನಿಂದ ಖರ್ಚಿನ ಹಣ ಪಡೆಯುವಂತಿಲ್ಲ. ಸಾಕ್ಷಿಗೆಂದು ಅಲ್ಲಿ ಠೇವಣಿಯಾದ ಮೊತ್ತ ಸರ್ಕಾರದ ಖಾತೆಗೆ ಹೋಗಬೇಕು. ಕ್ಲರ್ಕ್ ರಿಜಿಸ್ಟರ್ ಮುಂದಿಟ್ಟು ಸಹಿ ಕೇಳಿದಾಗ, ಚಿಕ್ಕ ಮೊತ್ತ ಬಿಡಿ ಎಂದುಕೊಂಡು ಸಹಿ ಹಾಕಿದರೆ ಎರಡೂ ಕಡೆ ಪಡೆದಂತಾಗುತ್ತದೆ. ಕೋರ್ಟು ನಿಮ್ಮ ಕೇಂದ್ರಸ್ಥಾನದಿಂದ (ಕಚೇರಿ ಇರುವ ಊರಿನಿಂದ) 8 ಕಿ.ಮೀ. ಒಳಗಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು: ಟಿಎ ಇಲ್ಲ, ಆದರೆ ಖಾಯಂ ಪ್ರಯಾಣ ಭತ್ಯೆ ಪಡೆಯದವರು ಕೋರ್ಟು ಕೊಡುವ ವಾಸ್ತವ ಪ್ರಯಾಣ ವೆಚ್ಚವನ್ನು ಪಡೆಯಬಹುದು.

ಇನ್ನು ಮೊತ್ತ. ವೇತನ ಮಟ್ಟ 6ರಿಂದ 11ರವರಿಗೆ ರೈಲಿನಲ್ಲಿ ಎಸಿ 2 ಟಯರ್, 5 ಮತ್ತು ಅದಕ್ಕಿಂತ ಕೆಳಗಿನವರಿಗೆ ಎಸಿ 3 ಟಯರ್. ಮಟ್ಟ 6ರಿಂದ 8ಕ್ಕೆ 2017ರ ಆದೇಶದಂತೆ ದಿನಕ್ಕೆ ಹೋಟೆಲ್ 750, ಊರೊಳಗಿನ ಓಡಾಟ 225, ಊಟ 800 ರೂಪಾಯಿ ಇತ್ತು. ತುಟ್ಟಿಭತ್ಯೆ 50 ಪ್ರತಿಶತ ಮುಟ್ಟಿದ 2024ರ ಜನವರಿಯಿಂದ ಇವು ಕಾಲು ಭಾಗ ಏರಿವೆ, ಊಟದ್ದು 1000. ಊಟಕ್ಕೆ ಬಿಲ್ ಬೇಡ, ಕೇಂದ್ರಸ್ಥಾನದಿಂದ ದೂರವಿದ್ದ ಹೊತ್ತನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಾರೆ: 6 ಗಂಟೆಗಿಂತ ಕಡಿಮೆಯಾದರೆ 30, 6ರಿಂದ 12ಕ್ಕೆ 70, 12 ಮೀರಿದರೆ 100 ಪ್ರತಿಶತ.

ಹುಬ್ಬಳ್ಳಿಯ ಇನ್‌ಸ್ಪೆಕ್ಟರೊಬ್ಬರು ಸೋಮವಾರ ರಾತ್ರಿ 10:30ಕ್ಕೆ ಬೆಂಗಳೂರಿಗೆ ಹೊರಟು, ಮಂಗಳವಾರ ಸಾಕ್ಷಿ ಹೇಳಿ, ರಾತ್ರಿ ರೈಲಿನಲ್ಲಿ ಬುಧವಾರ ಬೆಳಿಗ್ಗೆ 6:20ಕ್ಕೆ ಮರಳಿದರು ಎನ್ನಿ. ಸೋಮವಾರಕ್ಕೆ 300, ಮಂಗಳವಾರಕ್ಕೆ 1000, ಬುಧವಾರಕ್ಕೆ 700, ಒಟ್ಟು 2000. ಅದೇ ರೈಲು 5:50ಕ್ಕೆ ಮುಟ್ಟಿದ್ದರೆ ಬುಧವಾರದ್ದು 300ಕ್ಕೆ ಇಳಿಯುತ್ತಿತ್ತು. ಆದ್ದರಿಂದ ವೇಳಾಪಟ್ಟಿಯ ಸಮಯ ಬರೆಯದೆ ರೈಲು ನಿಜವಾಗಿ ಮುಟ್ಟಿದ ಸಮಯವನ್ನೇ ಬರೆಯಿರಿ. ಆಟೊ, ಟ್ಯಾಕ್ಸಿಗೆ ಮಟ್ಟ 8ರವರೆಗೆ ರಸೀದಿ ಬೇಡ, ಸ್ವಂತ ದೃಢೀಕರಣ ಸಾಕು. ಆದರೆ ಪ್ರಯಾಣದ ಅವಧಿ, ವಾಹನ ಸಂಖ್ಯೆ ಅದರಲ್ಲಿರಬೇಕು. ಇಳಿಯುವಾಗಲೇ ನಂಬರ್ ಬರೆದುಕೊಳ್ಳದವರು ಆಮೇಲೆ ಪರದಾಡುತ್ತಾರೆ.

ಬಿಲ್ಲು ಜಿಎಆರ್-14ಎ ನಮೂನೆಯಲ್ಲಿ ನಿಮ್ಮದೇ ಕಚೇರಿಗೆ. ಸಮನ್ಸ್ ಪ್ರತಿ, ಹಾಜರಾತಿ ಪ್ರಮಾಣಪತ್ರದ ಮೂಲ, ಟಿಕೆಟ್, ಪ್ರವಾಸ ಆದೇಶ ಜೊತೆಗಿರಲಿ. ಮುಂಗಡ ಪಡೆದಿದ್ದರೆ ಮರಳಿದ 15 ದಿನದೊಳಗೆ ಹೊಂದಾಣಿಕೆ ಬಿಲ್ ಕೊಡಬೇಕು. ಮುಂಗಡವಿಲ್ಲದಿದ್ದರೂ 60 ದಿನ ದಾಟಿದರೆ ಹಕ್ಕೇ ಹೋಗುತ್ತದೆ. 2018ರ ಮೊದಲು ಇದಕ್ಕೆ ಒಂದು ವರ್ಷವಿತ್ತು, ಹಳಬರು ಈಗಲೂ ಅದನ್ನೇ ಹೇಳುತ್ತಾರೆ. ರಜೆಯಲ್ಲಿದ್ದಾಗ ಕರೆ ಬಂದರೆ ಕಚೇರಿ ಇರುವ ಊರಿನಿಂದ ಲೆಕ್ಕ ಹಾಕಬೇಡಿ. ಸಮನ್ಸ್ ಬಂದಾಗ ನೀವಿದ್ದ ಊರಿನಿಂದ ಹೋಗಿಬಂದದ್ದನ್ನು ಬರೆಯಿರಿ.